ಚಂದ್ರಿಯ ಗಾಯ ಮಾಯ್ದ ಬಗೆ

ಮುಧೋಳ ನಾಯಿ ಸಾಕಿದವರೆಲ್ಲ ಅದರ ಓಟದ ಬಗ್ಗೆ ಮಾತಾಡುತ್ತಾರೆ, ಅದರ ಚರ್ಮದ ಬಗ್ಗೆ ಮಾತಾಡುವವರು ಕಡಿಮೆ. ಆ ಉದ್ದ ಕಾಲು, ಒಳಸೇರಿದ ಹೊಟ್ಟೆ, ಎಣಿಸಬಹುದಾದ ಪಕ್ಕೆಲುಬು, ಎಲ್ಲದರ ಮೇಲೂ ಇರುವುದು ಬಹಳ ತೆಳುವಾದ ಚರ್ಮ. ಕೂದಲು ಗಿಡ್ಡ, ಚರ್ಮದ ಕೆಳಗೆ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಬೇರೆ ನಾಯಿಗೆ ಬರೀ ಗೀರು ಬೀಳುವಂಥ ಕಡೆ ಇದಕ್ಕೆ ಚರ್ಮವೇ ಕಿತ್ತು ಬರುತ್ತದೆ. ಓಡುವಾಗ ಅದರ ಕಣ್ಣು ದೂರದ ಬೇಟೆಯ ಮೇಲೆ ಇರುತ್ತದೆಯೇ ಹೊರತು ಎದುರಿಗಿರುವ ತಂತಿಯ ಮೇಲೆ ಇರುವುದಿಲ್ಲ. 2005ರಲ್ಲಿ ಅಂಚೆ ಇಲಾಖೆ ದೇಶದ ನಾಯಿ ತಳಿಗಳ ಮೇಲೆ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು, ಮುಂದೆ ಸೇನೆಯವರೂ ತರಬೇತಿಗೆ ಮರಿ ಒಯ್ದರು ಎಂದು ನಮ್ಮ ಕಡೆ ಎಲ್ಲರಿಗೂ ಹೆಮ್ಮೆ. ಆ ಹೆಮ್ಮೆಯ ಜೊತೆಗೆ ಒಂದು ಗಾಯವನ್ನು ನೆಟ್ಟಗೆ ತೊಳೆಯುವುದೂ ಗೊತ್ತಿದ್ದರೆ ಎಷ್ಟೋ ನಾಯಿಗಳು ಹುಳ ಬಿದ್ದು ಒದ್ದಾಡುವುದು ತಪ್ಪುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮುಧೋಳ ತಾಲೂಕಿನಲ್ಲಿ ಘಟಪ್ರಭೆಯ ಬದಿಯ ಕಬ್ಬಿನ ಸೀಮೆ ನಮ್ಮದು. ತೋಟದಲ್ಲೇ ಮನೆ. ಸುತ್ತ ಕಬ್ಬು, ನಡುವೆ ಒಂದಿಷ್ಟು ಗೋವಿನಜೋಳ, ಬದುವಿನ ಮೇಲೆ ಬಳ್ಳಾರಿ ಜಾಲಿ, ಕಾಡುಹಂದಿ ಬರಬಾರದೆಂದು ಹೊಲದ ಅಂಚಿಗೆ ಮುಳ್ಳುತಂತಿ. ಭಾದ್ರಪದದ ಮೋಡ ಮುಸುಕಿದ ಒಂದು ಮಧ್ಯಾಹ್ನ ಬೆಕ್ಕೊಂದರ ಬೆನ್ನು ಹತ್ತಿದ ನಮ್ಮ ಮುಧೋಳ ನಾಯಿ ಚಂದ್ರಿ ಅದೇ ತಂತಿಯ ಕೆಳಗೆ ನುಸುಳಿದ್ದಳು. ಮೈದುನನ ಮಗ ಓಡಿ ಬಂದು, "ದೊಡ್ಡವ್ವಾ, ಚಂದ್ರಿ ಕಾಲಾಗ ರಕ್ತ ಬರಾಕತ್ತೈತಿ" ಅಂದ.

ಎಡಗಡೆಯ ಹಿಂದಿನ ತೊಡೆಯ ಹೊರಬದಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಅಗಲ ಚರ್ಮ ಕೆತ್ತಿ ಹೋಗಿತ್ತು. ಅದರ ಕೆಳಗೆ ಇನ್ನೊಂದು ಗೀರು, ಮಣ್ಣು, ರವದಿಯ, ಅಂದರೆ ಕಬ್ಬಿನ ಒಣಗರಿಯ ಚೂರು. ಅವಳು ಆಗಲೇ ನೆಕ್ಕಲು ಶುರು ಮಾಡಿದ್ದಳು. ಮೊದಲು ನೋಡಬೇಕಾದ್ದು ಗಾಯದ ಆಳವನ್ನಲ್ಲ, ಗಾಯ ಆದದ್ದು ಹೇಗೆ ಎಂಬುದನ್ನು. ಯಾವುದಾದರೂ ನಾಯಿ ಕಚ್ಚಿದ್ದರೆ ಲೆಕ್ಕವೇ ಬೇರೆ. ಹಲ್ಲಿನ ತೂತು ಮೇಲೆ ಸಣ್ಣದಾಗಿ ಕಂಡರೂ ಒಳಗೆ ಆಳಕ್ಕೆ ಹೋಗಿರುತ್ತದೆ, ಹುಚ್ಚುನಾಯಿ ರೋಗದ ಭಯ ಬೇರೆ. ಹುಡುಗನನ್ನು ಬೇಲಿಯ ಕಡೆ ಕಳಿಸಿದೆ. ತಂತಿಯ ಮುಳ್ಳಿಗೆ ಅವಳದೇ ಬೂದು ಕೂದಲು ಸಿಕ್ಕಿಕೊಂಡಿರುವುದನ್ನು ಅವನು ನೋಡಿ ಬಂದ. ತೊಡೆಯ ಮೇಲೆ ಎಲ್ಲೂ ಜೋಡಿ ತೂತು ಇರಲಿಲ್ಲ. ಅಷ್ಟಾದ ಮೇಲೆ ಸ್ವಲ್ಪ ಸಮಾಧಾನವಾಯಿತು.

ಶುದ್ಧವಾದ ಹತ್ತಿಯ ಅರಿವೆ ಮಡಚಿ ಗಾಯದ ಮೇಲೆ ಒತ್ತಿ ಹಿಡಿದೆ. ಐದು ನಿಮಿಷ ಒತ್ತಬೇಕೆಂದರೆ ಐದು ನಿಮಿಷ ಒತ್ತಲೇಬೇಕು. ನಿಂತಿತೇ ಎಂದು ನಡುನಡುವೆ ಎತ್ತಿ ನೋಡಿದರೆ ಆಗತಾನೇ ಹೆಪ್ಪುಗಟ್ಟಿದ ರಕ್ತ ಅರಿವೆಯ ಜೊತೆಗೇ ಕಿತ್ತು ಬರುತ್ತದೆ. ರಕ್ತ ನಿಂತಿತು. ಹತ್ತು ನಿಮಿಷ ಒತ್ತಿದರೂ ನಿಲ್ಲದೆ ಹೋಗಿದ್ದರೆ ಮುಂದಿನ ಮಾತೇ ಇರಲಿಲ್ಲ, ಗಾಡಿ ಹತ್ತಿಸಿ ಆಸ್ಪತ್ರೆಗೆ ಒಯ್ಯಬೇಕಿತ್ತು.

ಫೋಟೋ ತೆಗೆದು ನಮ್ಮ ಪಶು ಡಾಕ್ಟರಿಗೆ ಕಳಿಸಿ ಫೋನ್ ಮಾಡಿದೆ. "ಅಕ್ಕಾರ, ನಾಯಿ ನಿಂತಾಗ ಗಾಯದ ತುಟಿ ಬಿಟ್ಕೋತಾವೇನ್ರಿ? ಒಳಗ ಕೆಂಪು ಮಾಂಸಖಂಡ ಕಾಣ್ತೈತೇನು? ಕಾಲು ಊರಾಕತ್ತೈತೋ ಇಲ್ಲೋ?" ಎಂದು ಒಂದೊಂದಾಗಿ ಕೇಳಿದರು. ತುಟಿ ಬಿಟ್ಟುಕೊಂಡಿರಲಿಲ್ಲ, ಚರ್ಮದ ಮೇಲ್ಪದರ ಮಾತ್ರ ಹೋಗಿತ್ತು, ಕಾಲು ಊರುತ್ತಿದ್ದಳು. ಹೊಲಿಗೆ ಬೇಕಾದಂಥ ಗಾಯವಾದರೆ ಆರೆಂಟು ತಾಸಿನೊಳಗೆ ಹಾಕಿಸಬೇಕು, ಆ ಮೇಲೆ ರೋಗಾಣು ಬೇರೂರುತ್ತವೆ, ಹಾಗಾಗಿ ನಾಳೆ ನೋಡೋಣ ಎನ್ನುವ ಮಾತು ಬೇಡ ಎಂದರು. ಇದಕ್ಕೆ ಹೊಲಿಗೆ ಬೇಡ, ಮನೆಯಲ್ಲೇ ತೊಳೆದು ನೋಡಿಕೊಳ್ಳಿ ಎಂದರು. ಕಣ್ಣಿನ ಹತ್ತಿರ, ಕೀಲಿನ ಮೇಲೆ, ಹೊಟ್ಟೆಯ ಮೇಲೆ ಆದ ಗಾಯ ಎಷ್ಟು ಸಣ್ಣದಿದ್ದರೂ ಒಮ್ಮೆ ತಂದು ತೋರಿಸಲೇಬೇಕು ಎಂದೂ ಸೇರಿಸಿದರು. ಡಾಕ್ಟರು ಸಿಗದಿದ್ದಾಗ 1962 ಎಂಬ ಸಂಖ್ಯೆಗೆ ಕರೆ ಮಾಡಿದರೆ ಪಶು ಸಂಜೀವಿನಿಯ ಗಾಡಿ, ಅಂದರೆ ಪ್ರಾಣಿಗಳ ಆಂಬುಲೆನ್ಸ್ ಸಿಗುತ್ತದೆ. ಹಳ್ಳಿಯಲ್ಲಿ ಎಷ್ಟೋ ಜನರಿಗೆ ಇದು ದನಕ್ಕೆ ಸಿಗುತ್ತದೆ ಎಂದೇ ಗೊತ್ತಿಲ್ಲ, ನಾಯಿಗೂ ಸಿಗುತ್ತದೆ ಎಂದಂತೂ ಗೊತ್ತೇ ಇಲ್ಲ.

ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಅರಿಶಿಣ, ಸುಣ್ಣ ಕಲಸಿಕೊಂಡು ಬಂದಿದ್ದರು. "ಯವ್ವಾ, ಬಡಾಬಡಾ ಹಚ್ಚಿಬಿಡು, ರಕ್ತ ಕಟ್ಟತೈತಿ." ಅವರು ಎತ್ತು, ಎಮ್ಮೆ ಕಟ್ಟಿ ಬಾಳಿದವರು, ಪ್ರಾಣಿಗಳ ಮೇಲಿನ ಅವರ ಅಕ್ಕರೆ ನನ್ನದಕ್ಕಿಂತ ದೊಡ್ಡದು. "ಅತ್ತಿ, ಬ್ಯಾಡ್ರಿ. ಮೊದಲ ತೊಳಿಯೂಣು. ಒಳಗ ಮಣ್ಣ ಐತಿ, ಮ್ಯಾಲ ಹಚ್ಚಿದ್ರ ಮಣ್ಣ ಒಳಗ ಉಳೀತೈತಿ" ಅಂದೆ. ಸುಣ್ಣ ಹಸಿ ಮಾಂಸವನ್ನು ಸುಡುತ್ತದೆ. ಅಡುಗೆಯ ಅರಿಶಿಣದ ಪುಡಿ ಶುದ್ಧ ಮಾಡಿದ್ದಲ್ಲ. ಅದು ಗಾಯದ ಮೇಲೆ ಒಣಗಿ ಗಟ್ಟಿ ಪದರವಾಗಿ ಕೂತುಬಿಟ್ಟರೆ ಕೆಳಗೆ ಕೀವು ಆಗಿದೆಯೋ ಇಲ್ಲವೋ ಕಾಣುವುದೇ ಇಲ್ಲ. ಅತ್ತೆ ಬಟ್ಟಲು ಕೆಳಗಿಟ್ಟರು. ಒಪ್ಪಿದರು ಎನ್ನಲಾರೆ, ಕಾದು ನೋಡಲು ಒಪ್ಪಿದರು.

ಎಷ್ಟೇ ಸಾಧು ನಾಯಿಯಾಗಲಿ, ನೋವಿದ್ದಾಗ ಕಚ್ಚುತ್ತದೆ. ಮುಧೋಳ ನಾಯಿಗಳಿಗೆ ಅಪರಿಚಿತರ ಕೈ ಮೈ ಮೇಲೆ ಬೀಳುವುದೇ ಆಗುವುದಿಲ್ಲ. ಹಾಗಾಗಿ ಹೊರಗಿನವರು ಯಾರನ್ನೂ ಕರೆಯಲಿಲ್ಲ. ಹಳೆಯ ಧೋತರದಿಂದ ಉದ್ದನೆಯ ಪಟ್ಟಿ ಹರಿದು, ಮೂಗಿನ ಮೇಲೆ ಒಂದು ಸುತ್ತು ಹಾಕಿ, ಗದ್ದದ ಕೆಳಗೆ ಅಡ್ಡ ಹಾಯಿಸಿ, ಕಿವಿಯ ಹಿಂದೆ ಎಳೆದರೆ ಬಿಚ್ಚುವ ಗಂಟು ಹಾಕಿದೆ. ನಾಯಿ ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳುವುದು. ಆದ್ದರಿಂದ ಓಡಿ ಬಂದ ದಣಿವು ಆರುವವರೆಗೆ ಕಾದು, ಆಮೇಲೆ ಕಟ್ಟಿ, ಕೆಲಸ ಮುಗಿದ ಕೂಡಲೇ ಬಿಚ್ಚಿದೆ. ವಾಂತಿ ಮಾಡುವ ನಾಯಿಗೆ ಹೀಗೆ ಕಟ್ಟಲೇಬಾರದು. ಯಜಮಾನರು ತಲೆಯ ಬದಿ ಕೂತು ಅವಳ ಕಿವಿ ಸವರುತ್ತ ಮಾತಾಡಿಸುತ್ತಿದ್ದರು, ಹುಡುಗ ಬ್ಯಾಟರಿ ಹಿಡಿದ.

ಗಾಯದ ಸುತ್ತಲಿನ ಕೂದಲು ತೆಗೆಯಬೇಕು, ಆದರೆ ಕತ್ತರಿಸಿದ ತುಂಡು ಗಾಯದೊಳಗೆ ಬೀಳಬಾರದು. ಅದಕ್ಕೆ ಉಪ್ಪುನೀರಿನಲ್ಲಿ ಅದ್ದಿದ, ಗಾಯಕ್ಕೆ ಬಳಸುವ ಜಾಳುಜಾಳಾದ ಗಾಜ್ ಬಟ್ಟೆಯನ್ನು ಗಾಯದ ಮೇಲೆ ಮುಚ್ಚಿ, ಮೊಂಡು ತುದಿಯ ಕತ್ತರಿಯಿಂದ ಗಾಯದ ಕಡೆಯಿಂದ ಹೊರಕ್ಕೆ ಕತ್ತರಿಸುತ್ತ ಹೋದೆ. ಬ್ಲೇಡು ಮುಟ್ಟಲಿಲ್ಲ. ಅಷ್ಟು ತೆಳು ಚರ್ಮದ ಮೇಲೆ ಬ್ಲೇಡು ಓಡಿಸಿದರೆ ಇನ್ನೊಂದು ಗಾಯ ಗ್ಯಾರಂಟಿ.

ಇನ್ನು ತೊಳೆಯುವ ಕೆಲಸ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಗಾಯ ವಾಸಿಯಾದದ್ದು ನಾನು ಹಚ್ಚಿದ್ದರಿಂದಲ್ಲ, ತೊಳೆದದ್ದರಿಂದ ಎಂದೇ ನನ್ನ ನಂಬಿಕೆ. ಒಂದು ಲೀಟರ್ ನೀರು ಕುದಿಸಿ, ಅದಕ್ಕೆ ಒಂಬತ್ತು ಗ್ರಾಂ, ಅಂದರೆ ಸಪಾಟಾಗಿ ಒಂದೂವರೆ ಟೀ ಚಮಚ ಉಪ್ಪು ಹಾಕಿ ಕರಗಿಸಿ, ಉಗುರುಬೆಚ್ಚಗಾಗುವವರೆಗೆ ಮುಚ್ಚಿಟ್ಟೆ. ಔಷಧಿ ಅಂಗಡಿಯ ಸಲೈನ್ ಬಾಟಲಿಯಲ್ಲಿ ಇರುವುದೂ ಇದೇ 0.9 ಪ್ರತಿಶತ ಉಪ್ಪು. ಮೈಯೊಳಗಿನ ದ್ರವದ ಉಪ್ಪಿಗೆ ಇದು ಸರಿಸಮ ಇರುವುದರಿಂದ ಹಸಿ ಮಾಂಸದ ಜೀವಕೋಶಗಳು ಉಬ್ಬುವುದೂ ಇಲ್ಲ, ಸೊರಗುವುದೂ ಇಲ್ಲ, ಉರಿಯೂ ಕಡಿಮೆ. ಗಾಯಕ್ಕೆ ಉಪ್ಪು ಎಂದರೆ ಉರಿ ಎಂಬ ಮಾತು ನಾಲಿಗೆಯ ಮೇಲೇ ಇರುತ್ತದೆ. ಉರಿಯುವುದು ಅಳತೆ ಇಲ್ಲದೆ ಹಿಡಿಗಟ್ಟಲೆ ಹಾಕಿದಾಗ.

ಸೂಜಿ ತೆಗೆದ 20 ಮಿಲಿ ಸಿರಿಂಜಿನಲ್ಲಿ ನೀರು ತುಂಬಿ, ಓರೆಯಾಗಿ ಹಿಡಿದು, ಮೇಲಿನಿಂದ ಕೆಳಕ್ಕೆ ಒತ್ತುತ್ತ ಹೋದೆ. ತಂಬಿಗೆಯಿಂದ ಸುರಿದ ನೀರು ಗಾಯದ ಮೇಲೆ ಜಾರಿ ಹೋಗುತ್ತದೆ, ಸಿರಿಂಜಿನ ನೀರಿಗೆ ಮಣ್ಣನ್ನು ಎಬ್ಬಿಸುವಷ್ಟು ಬಿರುಸು ಇರುತ್ತದೆ. ಮೊದಮೊದಲು ಕಂದು ನೀರು ಹರಿಯಿತು. ಆಮೇಲೆ ರವದಿಯ ಒಂದು ಸಣ್ಣ ಎಳೆ ಹೊರಬಂತು. ಹೆಚ್ಚು ಕಡಿಮೆ ಇಡೀ ಲೀಟರ್ ಖಾಲಿಯಾಗುವ ಹೊತ್ತಿಗೆ ತಿಳಿನೀರು ಹರಿಯತೊಡಗಿ, ಕೆಂಪಾದ ಶುದ್ಧ ಗಾಯ ಕಂಡಿತು. ಅತ್ತೆ ಬಗ್ಗಿ ನೋಡಿ, "ಇಷ್ಟ ಮಣ್ಣ ಇತ್ತೇನ ಒಳಗ!" ಅಂದರು. ಆ ಕ್ಷಣದಿಂದ ಅರಿಶಿಣದ ಬಟ್ಟಲಿನ ಮಾತು ಬರಲಿಲ್ಲ.

ಕೊನೆಗೆ ಪೊವಿಡೋನ್ ಅಯೋಡಿನ್, ರೋಗಾಣು ಕೊಲ್ಲುವ ಕಂದು ಬಣ್ಣದ ಔಷಧಿ. ಬಾಟಲಿಯಲ್ಲಿ ಇರುವ ಹಾಗೇ ಸುರಿಯುವುದು ನಮ್ಮ ಕಡೆಯ ರೂಢಿ. ಅಷ್ಟು ಗಾಢ ಬೇಡ, ಅದು ರೋಗಾಣುವಿನ ಜೊತೆಗೆ ಹೊಸದಾಗಿ ಹುಟ್ಟುವ ಜೀವಕೋಶವನ್ನೂ ಕೊಲ್ಲುತ್ತದೆ. ಅದೇ ಉಪ್ಪುನೀರಿನಲ್ಲಿ ಹನಿಹನಿಯಾಗಿ ಬೆರೆಸಿ, ಹಾಲಿಲ್ಲದ ತೆಳು ಚಹಾದ ಬಣ್ಣ ಬಂದ ಮೇಲೆ ಅದರಿಂದ ಒಮ್ಮೆ ತೊಳೆದೆ. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್, ಸ್ನಾನದ ನೀರಿಗೆ ಹಾಕುವ ಡೆಟಾಲ್‌ನಂಥ ದ್ರಾವಣ, ಫಿನಾಯಿಲ್, ಸೀಮೆಎಣ್ಣೆ ಇವು ಯಾವುದೂ ತೆರೆದ ಗಾಯಕ್ಕೆ ಬೇಡ. ಹಳೆಯ ಎಂಜಿನ್ ಆಯಿಲ್ ಹಚ್ಚಿದ ನಾಯಿಗಳನ್ನೂ ನೋಡಿದ್ದೇನೆ. ಪಾಪ, ಅದನ್ನೂ ಅವು ನೆಕ್ಕುತ್ತವೆ. ನಾಯಿಯ ಮೈಗೆ ಹಚ್ಚಿದ್ದೆಲ್ಲ ಕೊನೆಗೆ ಅದರ ಹೊಟ್ಟೆಗೇ ಹೋಗುತ್ತದೆ ಎಂದು ತಿಳಿದೇ ಔಷಧಿ ಆರಿಸಬೇಕು. ಮಕ್ಕಳ ಮೈಗೆ ಹಚ್ಚುವ, ಸತುವಿನ ಅಂಶವಿರುವ ಬಿಳಿ ಮುಲಾಮು ಕೂಡ ನಾಯಿಯ ಹೊಟ್ಟೆಗೆ ಹೋದರೆ ವಿಷ.

ಗಾಜ್ ಬಟ್ಟೆಯಿಂದ ಒತ್ತಿ ಒರೆಸಿದೆ. ಹತ್ತಿ ಬಳಸಲಿಲ್ಲ, ಅದರ ಎಳೆ ಗಾಯಕ್ಕೆ ಅಂಟಿಕೊಳ್ಳುತ್ತದೆ. ಡಾಕ್ಟರು ಹೇಳಿದ ಮುಲಾಮನ್ನು ತೆಳ್ಳಗೆ ಸವರಿದೆ. ಪಟ್ಟಿ ಕಟ್ಟಲಿಲ್ಲ. ತೊಡೆಯ ಮೇಲೆ ಪಟ್ಟಿ ನಿಲ್ಲುವುದಿಲ್ಲ, ನಿಲ್ಲಲಿ ಎಂದು ಬಿಗಿದರೆ ಕೆಳಗಿನ ಪಂಜ ಬಾತುಕೊಳ್ಳುತ್ತದೆ.

ನೋವಿಗೆ ಏನು ಕೊಡುವುದು ಎಂಬ ಪ್ರಶ್ನೆ ಬಂತು. ಪಕ್ಕದ ತೋಟದವರು ತಮ್ಮ ಮನೆಯ ನೋವಿನ ಗುಳಿಗೆ ತಂದು, "ಅರ್ಧ ಹಾಕ್ರಿ, ಮಲಗತೈತಿ" ಅಂದರು. ಕೈ ಮುಗಿದು ಬೇಡ ಅಂದೆ. ಐಬುಪ್ರೊಫೆನ್, ಡೈಕ್ಲೋಫಿನಾಕ್, ಪ್ಯಾರಾಸಿಟಮಾಲ್, ನಮಗೆ ನಿತ್ಯದ ಈ ಗುಳಿಗೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಮೂತ್ರಪಿಂಡ, ಯಕೃತ್ತು ಕೆಡಿಸಬಹುದು. ಡೈಕ್ಲೋಫಿನಾಕ್ ಹಾಕಿದ ದನದ ಹೆಣ ತಿಂದೇ ನಮ್ಮ ದೇಶದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತದ್ದು, 2006ರಲ್ಲಿ ಅದನ್ನು ಪಶುಗಳಿಗೆ ಬಳಸುವುದನ್ನು ಸರಕಾರ ನಿಷೇಧಿಸಿದ್ದೂ ಅದಕ್ಕೇ. ಪಕ್ಕದ ತೋಟದವರೇ ಇನ್ನೊಂದು ಮಾತು ಕೇಳಿದರು: ತುಕ್ಕು ಹಿಡಿದ ತಂತಿ, ಟಿ.ಟಿ. ಸೂಜಿ ಬೇಡವೇ? ಧನುರ್ವಾಯು ಕುದುರೆಗೆ, ಮನುಷ್ಯರಿಗೆ ತಗಲುವಷ್ಟು ಸುಲಭವಾಗಿ ನಾಯಿಗೆ ತಗಲುವುದಿಲ್ಲ. ಹಾಗಾಗಿ ನಾಯಿಗೆ ಆ ಸೂಜಿ ಹಾಕುವ ಪದ್ಧತಿ ಇಲ್ಲ ಎಂದು ಡಾಕ್ಟರು ಹೇಳಿದ್ದರು.

ಆಮೇಲಿನ ನಿಜವಾದ ಹೋರಾಟ ನಡೆದದ್ದು ಅವಳ ನಾಲಿಗೆಯ ಜೊತೆ. ನಾಯಿ ನೆಕ್ಕಿದರೆ ಗಾಯ ಬೇಗ ಮಾಯುತ್ತದೆ ಎಂದು ನಮ್ಮಲ್ಲಿ ಎಲ್ಲರೂ ನಂಬುತ್ತಾರೆ. ಒರಟು ನಾಲಿಗೆ ಮೇಲಿಂದ ಮೇಲೆ ಉಜ್ಜಿದರೆ ಹೊಸ ಚರ್ಮ ಹುಟ್ಟಿದಷ್ಟೂ ಕಿತ್ತು ಹೋಗುತ್ತದೆ, ಬಾಯಿಯ ರೋಗಾಣು ಒಳಗೆ ಸೇರುತ್ತವೆ, ಕಡೆಗೆ ನೆಕ್ಕುವುದೇ ಚಟವಾಗಿ ಅಲ್ಲಿ ಗಟ್ಟಿ ಹುಣ್ಣು ಉಳಿಯುತ್ತದೆ. ನಾಯಿ ನೆಕ್ಕಬಾರದೆಂದು ಕೊರಳ ಸುತ್ತ ಹಾಕುವ ಪ್ಲಾಸ್ಟಿಕ್ ಕೋನ್ ಬಾಗಲಕೋಟೆಯಿಂದ ತರಿಸಿದೆವು, ಅದು ಚಂದ್ರಿಯ ಕೊರಳಲ್ಲಿ ನಿಲ್ಲಲೇ ಇಲ್ಲ. ಈ ತಳಿಯ ತಲೆ ಕಿರಿದು, ಕುತ್ತಿಗೆ ಉದ್ದ, ತಲೆಗಿಂತ ಕುತ್ತಿಗೆಯೇ ದಪ್ಪ ಅನ್ನುವಂತಿರುತ್ತದೆ. ಕೋನ್ ಜಾರಿ ಬೀಳುತ್ತಿತ್ತು, ನಿಂತಾಗಲೂ ಆ ಉದ್ದ ಕುತ್ತಿಗೆ ಬಳುಕಿಸಿ ತೊಡೆ ಮುಟ್ಟುತ್ತಿದ್ದಳು. ಹುಡುಗನೇ ದಾರಿ ಹುಡುಕಿದ. ತನ್ನ ಹಳೆಯ ಸಡಿಲ ಚಡ್ಡಿ ತಂದು, ಬಾಲಕ್ಕೆ ತೂತು ಮಾಡಿಸಿ, "ಇದನ್ನ ಹಾಕೂಣು ದೊಡ್ಡವ್ವಾ" ಅಂದ. ಅತ್ತೆ ಕೂತು ತೂತಿನ ಅಂಚು ಹೊಲಿದುಕೊಟ್ಟರು. ಗಾಳಿಯಾಡುವ ಹತ್ತಿ ಬಟ್ಟೆ, ಗಾಯಕ್ಕೆ ಅಂಟುವುದಿಲ್ಲ, ನಾಲಿಗೆ ಒಳಹೋಗುವುದಿಲ್ಲ. ಎರಡು ಚಡ್ಡಿ ಇದ್ದವು, ಒಂದನ್ನು ತೊಳೆದು ಬಿಸಿಲಿಗೆ ಹಾಕಿದಾಗ ಇನ್ನೊಂದು. ಹೊರಗೆ ಕರೆದೊಯ್ಯುವಾಗ ಬಿಚ್ಚಬೇಕಿತ್ತು, ಇಲ್ಲದಿದ್ದರೆ ಒದ್ದೆಯಾಗುತ್ತಿತ್ತು. ನಾವು ಮನೆಯಲ್ಲಿ ಇಲ್ಲದ ಹೊತ್ತಿಗೆ ಟಾವೆಲ್ ಸುರುಳಿ ಸುತ್ತಿ ಕೊರಳಿಗೂ ಕಟ್ಟುತ್ತಿದ್ದೆವು, ಕುತ್ತಿಗೆ ಹೊರಳಬಾರದೆಂದು.

ಎರಡನೆಯ ವೈರಿ ನೊಣ. ಮಳೆಗಾಲ, ಪಕ್ಕದಲ್ಲೇ ದನದ ಕೊಟ್ಟಿಗೆ, ತಿಪ್ಪೆ. ಹಸಿ ಗಾಯದ ಮೇಲೆ ನೊಣ ಕೂತು ಇಟ್ಟ ಮೊಟ್ಟೆ ಈ ಸೆಕೆಯಲ್ಲಿ ಒಂದು ದಿನದೊಳಗೆ ಹುಳವಾಗುತ್ತದೆ. ಸಣ್ಣ ಗಾಯಗಳು ದೊಡ್ಡವಾಗುವುದು ಹೆಚ್ಚಾಗಿ ಹೀಗೆ. ಇಲ್ಲಿ ಅತ್ತೆಯ ಅನುಭವ ಕೈ ಹಿಡಿಯಿತು. ಬೇವಿನ ಎಣ್ಣೆಯನ್ನು ಗಾಯದ ಒಳಗಲ್ಲ, ಎರಡು ಬೆರಳು ದೂರದಲ್ಲಿ ಸುತ್ತ ಹಚ್ಚಿಸಿದರು, ಅದರ ವಾಸನೆಗೆ ನೊಣ ಹತ್ತಿರ ಬರಲಿಲ್ಲ. ಚಂದ್ರಿಯ ಜಾಗ ಕೊಟ್ಟಿಗೆಯ ಬದಿಯಿಂದ ಪಡಸಾಲೆಗೆ ಬಂತು, ಹಗಲು ಮಲಗಿದಾಗ ಮಕ್ಕಳ ಸೊಳ್ಳೆಪರದೆ ಮುಚ್ಚಿದೆವು. ನೆಲವನ್ನು ಫಿನಾಯಿಲ್ ಬಳಸದೆ ಉಪ್ಪುನೀರಿನಿಂದ ಒರೆಸಿದೆ. ಬೆಳಿಗ್ಗೆ, ಸಂಜೆ ಗಾಯದ ಅಂಚಿನಲ್ಲಿ ಬಿಳಿ ಚುಕ್ಕೆಗಳಿವೆಯೇ ಎಂದು ಬ್ಯಾಟರಿ ಹಿಡಿದು ನೋಡುವುದು, ಉಪ್ಪುನೀರಿನಿಂದ ಹಗುರಾಗಿ ತೊಳೆಯುವುದು, ಒರೆಸಿ ತೆಳ್ಳಗೆ ಮುಲಾಮು. ಅತ್ತೆ ನೋಡುವುದಕ್ಕೆ ಮುಂಚೆ ಮೂಸುತ್ತಿದ್ದರು. "ಗಾಯ ಕೆಟ್ಟಿದ್ದು ಕಣ್ಣಿಗಿಂತ ಮದಲ ಮೂಗಿಗೆ ತಿಳೀತೈತಿ" ಅಂದರು. ಡಾಕ್ಟರಿಗೆ ಹೇಳಿದಾಗ ಅವರೂ ಹೌದೆಂದರು.

ಮೊದಲು ಸುತ್ತ ಸ್ವಲ್ಪ ಕೆಂಪು, ಕೊಂಚ ಬಾವು, ನೀರಿನಂಥ ತಿಳಿ ಸೋರಿಕೆ ಇತ್ತು. ಇದು ಮೈ ತನ್ನ ಕೆಲಸ ಶುರು ಮಾಡಿದ ಲಕ್ಷಣ. ಬಾವು ಇಳಿಯುತ್ತಿದ್ದಾಗಲೇ ಒಂದು ಬೆಳಿಗ್ಗೆ ಗಾಯದ ನಡುವೆ ಹಳದಿ ಪೊರೆ ಕಂಡು ನನ್ನ ಎದೆ ಧಸಕ್ಕೆಂದಿತು. ನಾಯಿಯ ಮೂಗು ಒಣಗಿದೆ, ಜ್ವರ ಇರಬೇಕು ಎಂದು ಮನೆಯವರ ಆತಂಕ. ಮೂಗು ಮುಟ್ಟಿ ಜ್ವರ ಹೇಳಲಾಗದು, ಮಲಗಿ ಎದ್ದ ನಾಯಿಯ ಮೂಗು ಒಣಗಿಯೇ ಇರುತ್ತದೆ. ಥರ್ಮಾಮೀಟರಿನ ತುದಿಗೆ ಎಣ್ಣೆ ಸವರಿ ಗುದದ್ವಾರದಲ್ಲಿ ಇಟ್ಟು ನೋಡಿದೆ, 102 ಡಿಗ್ರಿ ಫ್ಯಾರನ್‌ಹೀಟ್. ಮನುಷ್ಯರಿಗಾದರೆ ಅದು ಜ್ವರ, ನಾಯಿಗೆ 101ರಿಂದ 102.5 ಸಹಜ. ಆದರೂ ಮನಸ್ಸು ನಿಲ್ಲದೆ ಗಾಡಿಯಲ್ಲಿ ಹಾಕಿಕೊಂಡು ಡಾಕ್ಟರಿಗೆ ತೋರಿಸಿದೆವು. ಅವರು ಗಾಯದ ಸುತ್ತ ಒತ್ತಿ, ಮೂಸಿ ನೋಡಿ, ಇದು ಕೀವಲ್ಲ, ಮಾಯುವಾಗ ಕಟ್ಟುವ ಪೊರೆ, ಕೀವಾಗಿದ್ದರೆ ಒತ್ತಿದಾಗ ಗಟ್ಟಿಯಾಗಿ ಬರುತ್ತಿತ್ತು, ನಾರುತ್ತಿತ್ತು, ಮುಟ್ಟಿದರೆ ಬಿಸಿ ಇರುತ್ತಿತ್ತು ಎಂದರು. ಕಿತ್ತು ತೆಗೆಯಬೇಡಿ, ತೊಳೆಯುತ್ತ ಇರಿ ಎಂದರು.

ಹಾಗೇ ಮಾಡಿದೆವು. ಪೊರೆಯ ಕೆಳಗಿನಿಂದ ಗುಲಾಬಿ ಬಣ್ಣದ ತರಿತರಿ ಮಾಂಸ ಎದ್ದು ಬಂತು, ಸುತ್ತಲಿನ ಅಂಚು ದಿನದಿನಕ್ಕೆ ಒಳಕ್ಕೆ ಸರಿಯಿತು. ಆ ತರಿ ಮಾಂಸ ನೋಡಲು ಹಸಿಯಾಗಿ ಭಯ ಹುಟ್ಟಿಸಿದರೂ ಗಾಯ ಒಳಗಿನಿಂದ ತುಂಬುತ್ತಿದೆ ಎಂಬುದಕ್ಕೆ ಅದೇ ಗುರುತು. ಅದನ್ನು ಉಜ್ಜಬಾರದು, ಸುಲಭವಾಗಿ ರಕ್ತ ಬರುತ್ತದೆ. ಈ ಹೊತ್ತಿನಲ್ಲಿ ಅಯೋಡಿನ್ ನಿಲ್ಲಿಸಿ ಬರೀ ಉಪ್ಪುನೀರು ಉಳಿಸಿಕೊಂಡೆ.

ಊಟದಲ್ಲಿ ರೊಟ್ಟಿ, ಹಾಲಿನ ಜೊತೆಗೆ ದಿನವೂ ಬೇಯಿಸಿದ ತತ್ತಿ ಹಾಕಿದೆವು, ಹೊಸ ಚರ್ಮ ಕಟ್ಟಲು ಪ್ರೋಟೀನ್ ಬೇಕು. ಕಷ್ಟವಾದದ್ದು ಓಟ ತಪ್ಪಿಸುವುದು. ಓಡಿದರೆ ತೊಡೆಯ ಚರ್ಮ ಎಳೆದು ಮಾಯ್ದ ಅಂಚು ಬಿಡುತ್ತದೆ. ಹಗ್ಗ ಹಿಡಿದು ಕಾಲುವೆಯ ದಂಡೆಯ ಮೇಲೆ ನಿಧಾನ ನಡೆಸುತ್ತಿದ್ದೆವು, ಅವಳು ದೂರದ ಬೆಳ್ಳಕ್ಕಿ ನೋಡಿ ಇಡೀ ಮೈ ನಡುಗಿಸುತ್ತಿದ್ದಳು. ಬಿಡಲಾಗದೆ ನನಗೂ ಸಂಕಟ. ಹುಡುಗನೂ ಯಜಮಾನರೂ ಆ ಬೇಲಿಯ ಕೆಳತಂತಿಗೆ ಗೇಣಿಗೊಂದರಂತೆ ಹಳೆಯ ಬಿಳಿ ಸೀರೆಯ ಪಟ್ಟಿ ಕಟ್ಟಿದರು, ಓಡಿ ಬರುವ ನಾಯಿಗೆ ತಂತಿ ಕಾಣಲಿ ಎಂದು.

ಈಗ ತೊಡೆಯ ಮೇಲೆ ಕೂದಲು ಬಂದಿದೆ, ನಡುವೆ ಒಂದು ಸಣ್ಣ ಬೋಳು ಗೆರೆ ಉಳಿದಿದೆ. ಸಿರಿಂಜು, ಗಾಜ್, ಮೊಂಡು ಕತ್ತರಿ, ಥರ್ಮಾಮೀಟರು, ಧೋತರದ ಪಟ್ಟಿ ಎಲ್ಲ ಒಂದು ಡಬ್ಬಿಯಲ್ಲಿ ಪಡಸಾಲೆಯ ಗೂಡಿನಲ್ಲಿವೆ. ಸುತ್ತಲಿನ ತೋಟದವರು ಆಡು, ಕರುವಿಗೆ ಏನಾದರೂ ತರಚಿದರೆ ಬಂದು ಒಯ್ಯುತ್ತಾರೆ, ಅಳತೆ ಅತ್ತೆಯೇ ಹೇಳಿಕೊಡುತ್ತಾರೆ.

ಅಂದು ಗುಳಿಗೆ ತಂದಿದ್ದ ಅದೇ ಪಕ್ಕದ ತೋಟದವರು ಮೊನ್ನೆ ತಮ್ಮ ನಾಯಿಮರಿಯನ್ನು ಎತ್ತಿಕೊಂಡು ಬಂದರು. ಬೀದಿನಾಯಿ ಕಿವಿಯ ಬುಡಕ್ಕೆ ಕಚ್ಚಿತ್ತು, ಎರಡು ಸಣ್ಣ ತೂತು, ರಕ್ತ ಇಲ್ಲವೇ ಇಲ್ಲ. "ನಿಮ್ಮ ಉಪ್ಪನೀರ ಹಾಕ್ರಿ ಅಕ್ಕಾರ" ಅಂದರು. ಇದು ಡಬ್ಬಿಯ ಕೆಲಸವಲ್ಲ ಎಂದು ಹೇಳಿ, ಕೈಗೆ ಗ್ಲೌಸ್ ಹಾಕಿಕೊಂಡು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಹಾಗೇ ಗಾಡಿ ಹತ್ತಿಸಿ ಪಶು ಆಸ್ಪತ್ರೆಗೆ ಕಳಿಸಿದೆ. ಎತ್ತಿಕೊಂಡು ಬಂದವರ ಕೈಯಲ್ಲಿ ಗೀರು ಇದ್ದುದರಿಂದ ಅವರೂ ಸಾಬೂನಿನಿಂದ ಕೈ ತೊಳೆದು ಮನುಷ್ಯರ ಡಾಕ್ಟರಿಗೆ ತೋರಿಸಿಕೊಂಡರು. ಮರಿಗೆ ಅಂದೇ ಹುಚ್ಚುನಾಯಿ ರೋಗದ ಮೊದಲ ಸೂಜಿ ಬಿತ್ತು, ಮುಂದೆ ಮೂರನೇ, ಏಳನೇ, ಹದಿನಾಲ್ಕನೇ, ಇಪ್ಪತ್ತೆಂಟನೇ ದಿನ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಮೂರನೇ ದಿನದ ಸೂಜಿಗೆ ನಾಳೆ ಹೋಗಬೇಕು, ಬೆಳಿಗ್ಗೆ ಅವರಿಗೆ ಫೋನ್ ಮಾಡಿ ನೆನಪಿಸಬೇಕು.